ದುಂಬಿಗಳ ಲೆಕ್ಕದಿಂದ ವರ್ಗ ಸಮೀಕರಣ ಕಲಿಯೋಣ

ವರ್ಗ ಸಮೀಕರಣದ ಸೂತ್ರವನ್ನು ಬಾಯಿಪಾಠ ಮಾಡುವ ಮೊದಲು ಅದು ಹುಟ್ಟುವ ದಾರಿಯನ್ನು ಒಮ್ಮೆ ನೋಡಿಬಿಡಿ. ದಾರಿ ತಿಳಿದವರಿಗೆ ಪರೀಕ್ಷೆಯ ಕೋಣೆಯಲ್ಲಿ ಸೂತ್ರ ಮರೆತರೂ ಲೆಕ್ಕ ಕೈಬಿಡುವುದಿಲ್ಲ. ಅದಕ್ಕೆ 1114ರಲ್ಲಿ ಹುಟ್ಟಿದ ಭಾಸ್ಕರಾಚಾರ್ಯರ ‘ಲೀಲಾವತಿ’ಯ ಒಂದು ಲೆಕ್ಕ ಸಾಕು.

ದುಂಬಿಗಳ ಒಂದು ಹಿಂಡು. ಅದರ ಅರ್ಧದ ವರ್ಗಮೂಲದಷ್ಟು ದುಂಬಿಗಳು ಮಾಲತಿ ಹೂವಿಗೆ ಹಾರಿದವು. ಇಡೀ ಹಿಂಡಿನ ಒಂಬತ್ತರಲ್ಲಿ ಎಂಟು ಭಾಗವೂ ಹೋಯಿತು. ಉಳಿದದ್ದು ಎರಡೇ: ಪರಿಮಳಕ್ಕೆ ಮರುಳಾಗಿ ರಾತ್ರಿ ಕಮಲದೊಳಗೆ ಸೆರೆಯಾದ ಗಂಡು ದುಂಬಿ, ಹೊರಗಿನಿಂದ ಅದಕ್ಕೆ ಓಗೊಡುವ ಹೆಣ್ಣು ದುಂಬಿ. ಒಟ್ಟು ಎಷ್ಟು?

ಹಂತ 1: ಅವ್ಯಕ್ತವನ್ನು ಆರಿಸಿ

ಇಲ್ಲಿ ಅವಸರ ಬೇಡ. ನನ್ನ ಮಟ್ಟಿಗೆ ಇಡೀ ಲೆಕ್ಕದಲ್ಲಿ ಬುದ್ಧಿ ಬೇಡುವ ಜಾಗ ಇದೇ. ಹಿಂಡನ್ನೇ ‘ಕ್ಷ’ ಎಂದುಕೊಂಡರೆ ಸಮೀಕರಣದೊಳಗೆ ವರ್ಗಮೂಲದ ಚಿಹ್ನೆ ನುಗ್ಗಿ ಕೆಲಸ ಹೆಚ್ಚುತ್ತದೆ. ಬದಲಿಗೆ ಹಿಂಡು 2ಕ್ಷ² ಎನ್ನಿ. ಆಗ ಅರ್ಧ ಕ್ಷ², ಅದರ ವರ್ಗಮೂಲ ಕ್ಷ. ಚಿಹ್ನೆ ಮಾಯ!

ಕ್ಷ + (8/9) × 2ಕ್ಷ² + 2 = 2ಕ್ಷ²

ಹಂತ 2: ಆದರ್ಶ ರೂಪಕ್ಕೆ ತನ್ನಿ

ಎರಡೂ ಬದಿಯನ್ನು 9ರಿಂದ ಗುಣಿಸಿ, ಪದಗಳನ್ನೆಲ್ಲ ಒಂದೇ ಬದಿಗೆ ತಂದರೆ:

2ಕ್ಷ² − 9ಕ್ಷ − 18 = 0

ಹಂತ 3: ವರ್ಗ ಪೂರ್ಣಗೊಳಿಸಿ

ಅಪವರ್ತನ ಹೊಳೆದರೆ (2ಕ್ಷ + 3)(ಕ್ಷ − 6) = 0 ಎಂದು ಬರೆದು ಮುಗಿಸಬಹುದು. ಆದರೆ ಅದು ಎಲ್ಲ ಲೆಕ್ಕಕ್ಕೂ ಹೊಳೆಯುವುದಿಲ್ಲ. ಎಲ್ಲಕ್ಕೂ ಒದಗುವ ದಾರಿ ಶ್ರೀಧರಾಚಾರ್ಯರದು. ಅವರ ಬೀಜಗಣಿತದ ಗ್ರಂಥ ಇಂದು ಸಿಗುವುದಿಲ್ಲ. ಈ ನಿಯಮವನ್ನು ಭಾಸ್ಕರಾಚಾರ್ಯರು ಉಲ್ಲೇಖಿಸಿದ್ದರಿಂದ ನಮಗೆ ಉಳಿಯಿತು. ಸ್ಥಿರಾಂಕವನ್ನು ಬಲಕ್ಕೆ ಕಳುಹಿಸಿ, ವರ್ಗಪದದ ಸಹಗುಣಕದ ನಾಲ್ಕರಷ್ಟರಿಂದ, ಅಂದರೆ 8ರಿಂದ, ಎರಡೂ ಬದಿಯನ್ನು ಗುಣಿಸಿ:

16ಕ್ಷ² − 72ಕ್ಷ = 144

ಈಗ ನಡುವಿನ ಪದದ ಮೂಲ ಸಹಗುಣಕದ ವರ್ಗವನ್ನು, ಅಂದರೆ 81ನ್ನು, ಎರಡೂ ಬದಿಗೆ ಕೂಡಿಸಿ:

(4ಕ್ಷ − 9)² = 225

ಭಿನ್ನರಾಶಿಯ ಸುಳಿವೂ ಇಲ್ಲದೆ ವರ್ಗ ಪೂರ್ಣವಾಯಿತು. ಎಷ್ಟು ಸೊಗಸಾದ ಉಪಾಯ!

ಹಂತ 4: ವರ್ಗಮೂಲ ತೆಗೆಯಿರಿ

4ಕ್ಷ − 9 = ±15. ಈ ± ಮರೆತರೆ ಒಂದು ಮೂಲ ಕಳೆದುಹೋಗುತ್ತದೆ. ಕ್ಷ = 6 ಅಥವಾ −3/2.

ಹಂತ 5: ತಾಳೆ ನೋಡಿ

−3/2 ಸಮೀಕರಣಕ್ಕೆ ಹೊಂದುತ್ತದೆ, ಆದರೆ ಹಿಂಡು ನಾಲ್ಕೂವರೆ ದುಂಬಿಗಳಾಗುತ್ತದೆ, ಬಿಟ್ಟುಬಿಡಿ. ಕ್ಷ = 6 ಆದರೆ ಹಿಂಡು 72. ಅರ್ಧ 36, ಅದರ ವರ್ಗಮೂಲ 6. ಒಂಬತ್ತರಲ್ಲಿ ಎಂಟು ಭಾಗ 64. ಕಮಲದ ಬಳಿ 2. ಕೂಡಿಸಿದರೆ 72.

ಸಹಗುಣಕಗಳ ಜಾಗದಲ್ಲಿ ಕ್ರಮವಾಗಿ ಅ, ಬ, ಕ ಇಟ್ಟು ಇದೇ ಹೆಜ್ಜೆಗಳನ್ನು ಹಾಕಿ. ಪಠ್ಯಪುಸ್ತಕದ ಸೂತ್ರ ತಾನಾಗಿ ಬರುತ್ತದೆ:

ಕ್ಷ = (−ಬ ± √(ಬ² − 4ಅಕ)) / 2ಅ

ನಮ್ಮ ಲೆಕ್ಕದಲ್ಲಿ ಬ ಎಂದರೆ −9. ಹಾಗಾಗಿ −ಬ ಎಂದರೆ +9. ಚಿಹ್ನೆ ತಪ್ಪುವುದು ಹೆಚ್ಚಾಗಿ ಇಲ್ಲಿಯೇ.

ಬ² − 4ಅಕ ಎಂಬುದೇ ಶೋಧಕ. ನಮ್ಮ 225 ಅದೇ. ಅದು ಧನವಾದರೆ ಎರಡು ವಾಸ್ತವ ಮೂಲಗಳು, ಸೊನ್ನೆಯಾದರೆ ಎರಡೂ ಮೂಲಗಳು ಒಂದೇ, ಋಣವಾದರೆ ವಾಸ್ತವ ಮೂಲಗಳಿಲ್ಲ.

ನಕ್ಷೆ ಕಾಗದದಲ್ಲಿ 2ಕ್ಷ² − 9ಕ್ಷ − 18 ಉತ್ಪನ್ನವನ್ನು ಎಳೆದು ನೋಡಿ. ಪರವಲಯವು ಅಡ್ಡ ಅಕ್ಷವನ್ನು −3/2 ಮತ್ತು 6ರಲ್ಲಿ ಕತ್ತರಿಸುತ್ತದೆ. ತಳದ ಬಿಂದು ಎರಡರ ನಟ್ಟನಡುವೆ, 9/4ರಲ್ಲಿ, ಅಕ್ಷದಿಂದ 225/8ರಷ್ಟು ಕೆಳಗಿದೆ. ಈಗ −18ನ್ನು +18 ಮಾಡಿ ಅದೇ ಕಾಗದದಲ್ಲಿ ಎಳೆಯಿರಿ. ಶೋಧಕ −63; ಅದೇ ಆಕಾರದ ಪರವಲಯ 63/8ರಷ್ಟು ಮೇಲೆಯೇ ನಿಂತು, ಅಕ್ಷವನ್ನು ಎಲ್ಲಿಯೂ ಮುಟ್ಟುವುದಿಲ್ಲ.