ಹೊಟ್ಟೆ ಕೊಯ್ಯದೆ ಬೊಜ್ಜು ಇಳಿಸುವ ಚಿಕಿತ್ಸೆಗೆ ಸಿದ್ಧರಾಗುವುದು ಹೇಗೆ?

ತೀವ್ರ ಬೊಜ್ಜಿನಿಂದ ಬಳಲುವವರು ಮೊದಲು ಕಿಲೋಗ್ರಾಂ ತೂಕವನ್ನು ಮೀಟರ್‌ನಲ್ಲಿ ಅಳೆದ ಎತ್ತರದ ವರ್ಗದಿಂದ ಭಾಗಿಸಿ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ) ತಿಳಿದುಕೊಂಡು, ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡದ ವರದಿಗಳೊಂದಿಗೆ ಜಠರರೋಗ ತಜ್ಞರನ್ನು ಕಾಣಬೇಕು. ಹಿಂದೆ ಜಠರದ ಶಸ್ತ್ರಚಿಕಿತ್ಸೆ ಆಗಿದ್ದರೆ ಮರೆಯದೆ ತಿಳಿಸಬೇಕು, ಏಕೆಂದರೆ ಅಂಥವರಿಗೆ ಜಠರದೊಳಗೆ ಇಟ್ಟು ಜಾಗ ತುಂಬಿಸುವ ಬಲೂನ್ ಸಾಮಾನ್ಯವಾಗಿ ಸಲ್ಲದು.

ಬಲೂನ್ ಚಿಕಿತ್ಸೆಯಲ್ಲಿ ಎಂಡೋಸ್ಕೋಪಿಯ (ಕ್ಯಾಮೆರಾ ಇರುವ ಬಳುಕುವ ಕೊಳವೆಯ) ನೆರವಿನಿಂದ ಬಾಯಿಯ ಮೂಲಕ ಜಠರಕ್ಕೆ ಇಳಿಸಿದ ಬಲೂನಿಗೆ ಸುಮಾರು 400ರಿಂದ 700 ಮಿಲಿಲೀಟರ್ ಉಪ್ಪಿನ ದ್ರಾವಣ ತುಂಬುತ್ತಾರೆ; ಹಲವು ಬಗೆಯ ಬಲೂನುಗಳನ್ನು 6 ತಿಂಗಳ ನಂತರ ಹೊರತೆಗೆಯುತ್ತಾರೆ. ಮೊದಲ ಕೆಲವು ದಿನ ವಾಕರಿಕೆ, ವಾಂತಿ ಸಾಮಾನ್ಯವಾದ್ದರಿಂದ, ಹೊಸನಗರ, ಆಗುಂಬೆಯ ಕಡೆಯವರು ಮಳೆಗಾಲದಲ್ಲಿ ಕೂಡಲೇ ಒಳಹಳ್ಳಿಗೆ ಮರಳದೆ ಆಸ್ಪತ್ರೆಗೆ ಹತ್ತಿರವೇ ಉಳಿಯುವುದು ಲೇಸೆಂದು ನನ್ನ ದೃಢ ಅಭಿಪ್ರಾಯ.

ಎಂಡೋಸ್ಕೋಪಿಕ್ ಸ್ಲೀವ್‌ನಲ್ಲಿ ಜಠರವನ್ನು ಒಳಗಿನಿಂದಲೇ ಹೊಲಿದು ಕಿರಿದಾಗಿಸುತ್ತಾರೆ. ಎರಡರಲ್ಲೂ ತೂಕ ಇಳಿಯುವುದು ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಗಿಂತ ಕಡಿಮೆ. ಕಡುಬು, ಅಕ್ಕಿರೊಟ್ಟಿಗಳ ಪ್ರಮಾಣ ಹಿಡಿತದಲ್ಲಿರದಿದ್ದರೆ ಇಳಿದ ತೂಕ ಮರಳಿ ಬರುತ್ತದೆ.