ಥಿಸಲ್ ಬೆಳೆಸಬೇಕಾ? ಗೊಬ್ಬರದ ಚೀಲ ಬದಿಗಿಡಿ

ಥಿಸಲ್ ಅಂದರೆ ಮುಳ್ಳಿನ ಕಳೆ ಅಂತಲೇ ಹಲವರು ತಿಳಿದಿದ್ದಾರೆ. ಆ ಮಾತು ಪೂರ್ತಿ ಸುಳ್ಳಲ್ಲ. ಸಿರ್ಸಿಯಂ ಆರ್ವೆನ್ಸ್ ಎಂಬ ಜಾತಿ ನೆಲದೊಳಗೆ ಬೇರು ಹರಡುತ್ತಾ ಹೋಗುತ್ತದೆ. ಕಿತ್ತರೂ ಉಳಿದ ಬೇರಿನ ಚೂರಿನಿಂದ ಮತ್ತೆ ಚಿಗುರುತ್ತದೆ. ಅದನ್ನು ಮನೆಯ ತೋಟಕ್ಕೆ ತರಲೇಬೇಡಿ. ಬೇರೆ ಕೆಲವು ಥಿಸಲ್‌ಗಳ ಮೇಲೂ ಅಲ್ಲಲ್ಲಿ ನಿರ್ಬಂಧವಿದೆ. ಬೀಜ ಕೊಳ್ಳುವ ಮೊದಲೇ ವಿಚಾರಿಸಿಕೊಳ್ಳಿ.

ತೋಟಕ್ಕೆ ಒಗ್ಗುವುದು ಗ್ಲೋಬ್ ಥಿಸಲ್. ಸಸ್ಯಶಾಸ್ತ್ರದ ಹೆಸರು ಎಕಿನಾಪ್ಸ್ ರಿಟ್ರೊ. ಸೂರ್ಯಕಾಂತಿ, ಕುಸುಬೆಗಳ ಕುಟುಂಬದ್ದೇ. ಹಲವು ವರ್ಷ ಬದುಕುತ್ತದೆ, ಸುಮಾರು ಒಂದು ಮೀಟರ್ ಎತ್ತರ ಬರುತ್ತದೆ. ಕಾಂಡದ ತುದಿಯಲ್ಲಿ ಉಕ್ಕಿನ ನೀಲಿ ಬಣ್ಣದ ಗುಂಡು ಚೆಂಡು. ಹತ್ತಿರ ಹೋಗಿ ನೋಡಿದರೆ ಅದು ಒಂದು ಹೂವಲ್ಲ, ಪುಟ್ಟ ಪುಟ್ಟ ಹೂಗಳ ಗುಂಪು. ನೆತ್ತಿಯ ಹೂಗಳು ಮೊದಲು ಅರಳಿ, ಆಮೇಲೆ ಕೆಳಗಿನವು ಅರಳುತ್ತಾ ಬರುತ್ತವೆ. ಅಷ್ಟು ದಿನವೂ ಜೇನುನೊಣಗಳಿಗೆ ಹಬ್ಬ. ಈ ಗಿಡ ಬೆಳೆಸಲು ನನಗೆ ಅದೊಂದೇ ಕಾರಣ ಸಾಕು.

ದಿನಕ್ಕೆ ಕನಿಷ್ಠ 6 ಗಂಟೆ ಬಿಸಿಲು ಬೀಳುವ ಜಾಗ ನೋಡಿ. ನೀರು ನಿಲ್ಲಬಾರದು. ಅಂಟು ಮಣ್ಣಾದರೆ ದಪ್ಪ ಮರಳು, ಸಣ್ಣ ಜಲ್ಲಿ ಬೆರೆಸಿ ಪಾತಿಯನ್ನು ಸ್ವಲ್ಪ ಎತ್ತರಿಸಿ. ಒಣ ಬಿಸಿಲನ್ನು ಇದು ತಡೆಯುತ್ತದೆ. ಒದ್ದೆ ಬುಡವನ್ನು ಮಾತ್ರ ತಡೆಯುವುದಿಲ್ಲ, ಬೇರು ಕೊಳೆಯುತ್ತದೆ. ಗೊಬ್ಬರವನ್ನಂತೂ ಹಾಕಬೇಡಿ. ಪ್ರೀತಿಯಿಂದ ಹಾಕಿದ ಗೊಬ್ಬರವೇ ಇದಕ್ಕೆ ಮುಳುವು. ಎಲೆ ಸೊಂಪಾಗಿ ಬರುತ್ತದೆ, ಕಾಂಡ ಮೆತ್ತಗಾಗಿ ವಾಲುತ್ತದೆ, ಆಮೇಲೆ ಊರುಗೋಲು ಕಟ್ಟುತ್ತಾ ಕೂರಬೇಕು. ಬಡ ಮಣ್ಣಿನಲ್ಲಿ ಗಿಡ ತಾನಾಗಿಯೇ ನೆಟ್ಟಗೆ ನಿಲ್ಲುತ್ತದೆ.

ಬೀಜವನ್ನು ಒಂದು ಸೆಂಟಿಮೀಟರ್‌ಗಿಂತ ಆಳಕ್ಕೆ ಹಾಕಬೇಡಿ. ಸುಮಾರು 15ರಿಂದ 20 ಡಿಗ್ರಿ ಸೆಲ್ಸಿಯಸ್ ಇದ್ದರೆ ಎರಡು ಮೂರು ವಾರದಲ್ಲಿ ಮೊಳಕೆ ಬರುತ್ತದೆ. ಇದರ ತಾಯಿಬೇರು ಆಳಕ್ಕೆ ಇಳಿಯುತ್ತದೆ, ಹಾಗಾಗಿ ಸಸಿ ಚಿಕ್ಕದಿರುವಾಗಲೇ ಅದರ ಕಾಯಂ ಜಾಗಕ್ಕೆ ನೆಡಿ. ದೊಡ್ಡದಾದ ಮೇಲೆ ಕಿತ್ತು ನೆಟ್ಟರೆ ಸೊರಗುತ್ತದೆ. ಗಿಡದಿಂದ ಗಿಡಕ್ಕೆ 50 ಸೆಂಟಿಮೀಟರ್‌ನಷ್ಟು ಅಂತರವಿರಲಿ. ಮೊದಲ ವರ್ಷ ಬರೀ ಎಲೆ ಕಂಡರೆ ಗಾಬರಿ ಬೇಡ. ಬೀಜದಿಂದ ಬಂದ ಗಿಡ ಸಾಮಾನ್ಯವಾಗಿ ಎರಡನೇ ವರ್ಷ ಹೂ ಬಿಡುತ್ತದೆ.

ನೀರಿನ ವಿಷಯ ಸುಲಭ. ಬೇರು ಹಿಡಿಯುವವರೆಗೆ ಮಣ್ಣು ಒಣಗಿದಾಗ ಹಾಕಿ. ಆಮೇಲೆ ತೀರಾ ಬರ ಬಂದರೆ ಮಾತ್ರ ಸಾಕು.

ಚಿಗುರಿಗೆ ಗಿಡಹೇನು ಮುತ್ತಿದರೆ ನೀರನ್ನು ರಭಸವಾಗಿ ಚಿಮ್ಮಿಸಿ ಉದುರಿಸಿ. ಹೂವಿನ ಸಮಯದಲ್ಲಿ ಕೀಟನಾಶಕ ಹೊಡೆಯಬೇಡಿ. ಕರೆದ ಜೇನುನೊಣಗಳಿಗೇ ವಿಷ ಇಟ್ಟಂತಾಗುತ್ತದೆ ಅಲ್ವಾ?

ಇನ್ನು ಕತ್ತರಿಯ ಕೆಲಸ. ಇದೊಂದರಲ್ಲಿ ಸೋಮಾರಿತನ ಮಾಡಬೇಡಿ. ನೀಲಿ ಬಣ್ಣ ಮಾಸಿ ಚೆಂಡು ಕಂದಾಗುತ್ತಿದ್ದಂತೆ, ಬೀಜ ಉದುರುವ ಮೊದಲೇ ಕತ್ತರಿಸಿ. ಸುಮ್ನೆ ಬಿಟ್ಟರೆ ಮುಂದಿನ ವರ್ಷ ಪಾತಿ ತುಂಬಾ ಇದರದೇ ಸಸಿಗಳು. ಬೀಜ ತಿನ್ನುವ ಹಕ್ಕಿಗಳಿಗಾಗಿ ನಾನು ಒಂದೆರಡು ಚೆಂಡು ಉಳಿಸುತ್ತೇನೆ, ಆದರೆ ಬೇಡದ ಕಡೆ ಹುಟ್ಟಿದ ಸಸಿಗಳನ್ನು ಎಳೆಯವಾಗಿರುವಾಗಲೇ ಕೀಳುತ್ತೇನೆ. ಬಲಿತರೆ ತಾಯಿಬೇರು ಕೈಗೆ ಬರುವುದಿಲ್ಲ.

ಹೂವನ್ನು ಒಣಗಿಸಿ ಇಡಬೇಕೆಂದರೆ ಚೆಂಡಿಗೆ ಬಣ್ಣ ಬಂದು ಇನ್ನೂ ಅರಳದಿರುವಾಗ ಕೊಯ್ದು, ನೆರಳಲ್ಲಿ ತಲೆಕೆಳಗಾಗಿ ನೇತುಹಾಕಿ. ಪೂರ್ತಿ ಅರಳಿದ ಮೇಲೆ ಕೊಯ್ದರೆ ಒಣಗುವಾಗ ಉದುರಿಹೋಗುತ್ತದೆ. ಕೈಗೆ ದಪ್ಪ ಕೈಗವಸು ಇರಲಿ.