ಯುಗಾದಿಗೆ ಮನೆ ಹಗುರ ಮಾಡುವುದು ಹೇಗೆ?

ಯುಗಾದಿ ಹತ್ತಿರ ಬಂತು ಅಂದರೆ ಮನೆಮನೆಯಲ್ಲೂ ಬಲೆ ಹೊಡೆಯುವ ಕೋಲು ಹೊರಗೆ ಬರುತ್ತದೆ. ಫ್ಯಾನಿನ ರೆಕ್ಕೆ ಒರೆಸುತ್ತೇವೆ, ಕಿಟಕಿ ತೊಳೆಯುತ್ತೇವೆ, ಪರದೆ ನೆನೆಹಾಕುತ್ತೇವೆ. ಸಾಮಾನು ಮಾತ್ರ ಇದ್ದಷ್ಟೇ ಇರುತ್ತದೆ. ಹೆಚ್ಚೆಂದರೆ ರೂಮಿನಿಂದ ಅಟ್ಟಕ್ಕೆ, ಅಟ್ಟದಿಂದ ಮಂಚದ ಕೆಳಗೆ ಜಾಗ ಬದಲಾಯಿಸುತ್ತದೆ. ಒಂದಿಷ್ಟಾದರೂ ಹೊಸ್ತಿಲು ದಾಟದೆ ಮನೆ ಹಗುರ ಆಗುವುದಿಲ್ಲ. ಆದ್ದರಿಂದ ಕೆಲಸ ಶುರುವಾಗಬೇಕಾದ್ದು ಕಪಾಟಿನಿಂದ ಅಲ್ಲ, ಬಾಗಿಲಿನಿಂದ.

ಮೊದಲು ದಾರಿ ಗೊತ್ತುಮಾಡಿ

ಕಪಾಟು ತೆರೆಯುವ ಮುಂಚೆ ಎರಡು ಮೂರು ಫೋನ್ ಮಾಡಿ. ಗುಜರಿಯವರು ಯಾವ ದಿನ ಬರುತ್ತಾರೆ, ಏನೇನು ತಗೊಳ್ಳುತ್ತಾರೆ ಕೇಳಿ. ಬಟ್ಟೆ ಕೊಡಬೇಕೆಂದಿರುವ ಆಶ್ರಮಕ್ಕೆ ಬಟ್ಟೆ ಬೇಕೋ ಬೇಡವೋ ಕೇಳಿ. ಹಬ್ಬದ ಹೊತ್ತಿಗೆ ಅವರ ಕೋಣೆಯೂ ತುಂಬಿರುತ್ತದೆ. ಬೆಂಗಳೂರಿನವರಾದರೆ ನಿಮ್ಮ ಹತ್ತಿರದ ಒಣಕಸ ಸಂಗ್ರಹ ಕೇಂದ್ರ ಎಲ್ಲಿದೆ ನೋಡಿಕೊಳ್ಳಿ. ಮಂಗಳವಾರ, ಶುಕ್ರವಾರ ಮನೆಯಿಂದ ಏನೂ ಹೊರಗೆ ಹಾಕಬಾರದು ಅನ್ನುವ ಹಿರಿಯರಿದ್ದರೆ ಆ ದಿನ ಬಿಟ್ಟು ಲೆಕ್ಕ ಹಾಕಿ. ಅಮಾವಾಸ್ಯೆಯ ದಿನಕ್ಕೆ ಅಂತ ಏನನ್ನೂ ಉಳಿಸಿಕೊಳ್ಳಬೇಡಿ. ಅವತ್ತು ಎಣ್ಣೆ, ಬೇವು, ಬೆಲ್ಲ, ಮಾವಿನ ಸೊಪ್ಪು ಅಂತ ಓಡಾಡುವುದೇ ಆಗುತ್ತದೆ.

ಒಂದೇ ಭಾನುವಾರ ಇಡೀ ಮನೆ ಮುಗಿಸುತ್ತೇವೆ ಅನ್ನುವವರು ಸಂಜೆ ಹೊತ್ತಿಗೆ ಹಾಸಿಗೆ ಮೇಲೆ ರಾಶಿ ಹಾಕಿಕೊಂಡು ಹಾಲ್‌ನಲ್ಲಿ ಮಲಗುತ್ತಾರೆ. ದಿನಕ್ಕೆ ಒಂದು ಕಪಾಟು ಸಾಕು. ತೆಗೆದಿದ್ದನ್ನು ಅವತ್ತೇ ಚೀಲಕ್ಕೆ ಹಾಕಿ ಬಾಗಿಲ ಹತ್ತಿರ ಇಡಿ.

ಇನ್ನೊಂದು ಮಾತು. ಅವರವರ ಸಾಮಾನು ಅವರವರೇ ನೋಡಬೇಕು. ಅತ್ತೆಯವರ ಟ್ರಂಕನ್ನು ಅವರು ಊರಿಗೆ ಹೋದಾಗ ಖಾಲಿ ಮಾಡುವುದು, ಗಂಡನ ಹಳೇ ಕ್ಯಾಸೆಟ್‌ಗಳನ್ನು ಹೇಳದೆ ಗುಜರಿಗೆ ಹಾಕುವುದು, ಇವೆಲ್ಲ ವರ್ಷಗಟ್ಟಲೆ ಆಡಿಕೊಳ್ಳುವ ಜಗಳಗಳು. ಮಾರ್ಚ್‌ನಲ್ಲಿ ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆ ಬರೆಯುವ ಮಕ್ಕಳಿದ್ದರೆ ಅವರ ಮೇಜನ್ನಂತೂ ಪರೀಕ್ಷೆ ಮುಗಿಯುವ ತನಕ ಮುಟ್ಟಬೇಡಿ.

ಅಡುಗೆಮನೆ ಮೊದಲು

ಇದಕ್ಕೆ ಕಾರಣ ಇದೆ. ಹೊಸ ಹುಣಸೆಹಣ್ಣು, ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಗೆ ಬರುವ ಕಾಲ ಇದು. ವರ್ಷಕ್ಕಾಗುವಷ್ಟು ತರುವವರು, ಹಪ್ಪಳ ಸಂಡಿಗೆ ಹಾಕುವವರು ಹೇಗೂ ಡಬ್ಬಿ ಖಾಲಿ ಮಾಡಿಕೊಳ್ಳಲೇಬೇಕು. ಎಲ್ಲ ಡಬ್ಬಿಯನ್ನೂ ಕೆಳಗಿಳಿಸಿ, ಒಂದೊಂದನ್ನೇ ತೆಗೆದು ಮೂಸಿ ನೋಡಿ. ವಾಸನೆ ಹೋದ ಸಾರಿನ ಪುಡಿಯನ್ನು ಉಳಿಸಿಕೊಂಡು ಪ್ರಯೋಜನವಿಲ್ಲ. ಬೇಳೆಯಲ್ಲಿ ಹುಳು ಕಂಡರೆ ಮೊರದಲ್ಲಿ ಹರಡಿ ಬಿಸಿಲಿಗಿಡಿ, ಕೇರಿ, ಆರಿದ ಮೇಲೆ ತುಂಬಿ. ಡಬ್ಬಿಯ ತಳದಲ್ಲಿ ಹಳೇ ಪುಡಿ ಉಳಿದಿದ್ದರೆ ಹೊಸ ಬೇಳೆಗೂ ಹುಳು ಹತ್ತುತ್ತದೆ. ತೊಳೆದು, ಪೂರ್ತಿ ಒಣಗಿದ ಮೇಲೇ ತುಂಬಬೇಕು. ಕಪ್ಪಾದ ಹಳೇ ಹುಣಸೆಹಣ್ಣನ್ನು ಎಸೆಯಬೇಡಿ. ಸಾರಿಗೆ ಬೇಡ ಅನ್ನಿಸಿದರೆ ಸ್ವಲ್ಪ ಉಪ್ಪು ಸೇರಿಸಿ ಹಿತ್ತಾಳೆ ದೀಪ, ತಾಮ್ರದ ಚೊಂಬು ಬೆಳಗಿ. ಹಬ್ಬಕ್ಕೆ ಆ ಕೆಲಸವೂ ಇದೆಯಲ್ಲ.

ನಿಜವಾದ ಕಷ್ಟ ಇರುವುದು ಪಾತ್ರೆಯಲ್ಲಿ. ಅಟ್ಟದ ಮೇಲಿನ ಗೋಣಿಚೀಲ ಬಿಚ್ಚಿದರೆ ಸ್ಟೀಲ್ ಡಬರಿಗಳು, ತಟ್ಟೆಗಳು, ಒಂದರೊಳಗೊಂದು ಸಿಕ್ಕಿಕೊಂಡ ಲೋಟಗಳು. ಒಂದನ್ನು ಎತ್ತಿ ಬೆಳಕಿಗೆ ಹಿಡಿಯಿರಿ. ಅಂಚಿನ ಕೆಳಗೆ ಚುಕ್ಕಿಚುಕ್ಕಿಯಾಗಿ ಕೊರೆಸಿದ ಅಕ್ಷರ: ಯಾರದೋ ಹೆಸರು, ಮದುವೆಯದೋ ಗೃಹಪ್ರವೇಶದ್ದೋ ತಾರೀಕು. ಮೂವತ್ತು ವರ್ಷದ ಹಿಂದೆ ಊಟಕ್ಕೆ ಬಂದವರೆಲ್ಲ ಅಲ್ಲಿ ಸಾಲಾಗಿ ಕೂತಿದ್ದಾರೆ. ಕೈ ಬರುವುದಿಲ್ಲ, ಒಪ್ಪುತ್ತೇನೆ. ಹೀಗೆ ಮಾಡಿ: ಮನೆಯ ಹಿರಿಯರನ್ನು ಕೂರಿಸಿಕೊಂಡು ಹೆಸರು ಓದಿ ಹೇಳಿ. ಯಾರ ಹೆಸರು ಕೇಳಿದ ತಕ್ಷಣ ಅವರು ಕಥೆ ಶುರುಮಾಡುತ್ತಾರೋ ಆ ಪಾತ್ರೆ ಉಳಿಯಲಿ, ಅದೂ ಅಟ್ಟದಲ್ಲಲ್ಲ, ದಿನಬಳಕೆಗೆ. 'ಇವರ್ಯಾರೋ ನೆನಪಿಲ್ಲ' ಅಂದಿದ್ದು ಹೋಗಲಿ. ಅನೇಕ ಪಾತ್ರೆ ಅಂಗಡಿಗಳಲ್ಲಿ ಹಳೆಯದನ್ನು ತೂಕಕ್ಕೆ ಹಾಕಿಕೊಂಡು ಹೊಸದು ಕೊಡುತ್ತಾರೆ. ನಾಲ್ಕು ಡಬರಿ ಕೊಟ್ಟು ಒಂದು ಒಳ್ಳೆ ಕುಕ್ಕರ್ ತಂದರೆ ತಪ್ಪೇನಿಲ್ಲ. ಆದರೆ ಹಿತ್ತಾಳೆ, ತಾಮ್ರವನ್ನು ಸ್ಟೀಲ್ ಜೊತೆ ಒಂದೇ ತಕ್ಕಡಿಗೆ ಹಾಕಲು ಬಿಡಬೇಡಿ, ಅವುಗಳ ಬೆಲೆಯೇ ಬೇರೆ. ಹಿತ್ತಾಳೆ ಪಾತ್ರೆಯಲ್ಲಿ ಮತ್ತೆ ಅಡುಗೆ ಮಾಡುವ ಆಸೆ ಇದ್ದರೆ ಮೊದಲು ಕಲಾಯಿ ಹಾಕಿಸಿ.

ಹೋಟೆಲ್ ಪಾರ್ಸೆಲ್‌ನ ಪ್ಲಾಸ್ಟಿಕ್ ಡಬ್ಬಿಗಳಿಗೆ ಇಷ್ಟೆಲ್ಲ ವಿಚಾರ ಬೇಡ. ಮುಚ್ಚಳ ಕೂರದಿದ್ದರೆ ಆಚೆಗೆ. ಬಾಗಿಲ ಹಿಂದೆ ನೇತಾಡುವ, ಕವರ್‌ಗಳಿಂದಲೇ ತುಂಬಿದ ಆ ದೊಡ್ಡ ಕವರ್ ಕೂಡ.

ಬೀರು

ರೇಷ್ಮೆ ಸೀರೆಗಳನ್ನೆಲ್ಲ ಹೊರಗೆ ತೆಗೆದು ನೆರಳಲ್ಲಿ ಗಾಳಿಗೆ ಹರಡಿ. ಬಿಸಿಲಿಗೆ ಹಾಕಿದರೆ ಬಣ್ಣ ಮಂಕಾಗುತ್ತದೆ. ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಇಟ್ಟರೆ ಮಡಿಕೆಯ ಗೆರೆಯಲ್ಲೇ ಸೀಳುತ್ತದೆ, ಆದ್ದರಿಂದ ಈ ಸಲ ಬೇರೆ ಕಡೆ ಮಡಚಿ. ಪ್ಲಾಸ್ಟಿಕ್ ಕವರ್ ತೆಗೆದುಹಾಕಿ ಹಳೇ ಹತ್ತಿ ಪಂಚೆಯಲ್ಲಿ ಸುತ್ತಿಡಿ. ನುಸಿಗುಳಿಗೆ ಜರಿಗೆ ತಾಗಬಾರದು, ಬಟ್ಟೆಯಲ್ಲಿ ಕಟ್ಟಿ ಮೂಲೆಗಿಡಿ. ಬೇವಿನ ಸೊಪ್ಪು ಈಗ ಬೇಕಾದಷ್ಟು ಸಿಗುತ್ತದೆ, ಆದರೆ ಗರಿಗರಿ ಒಣಗಿಸದೆ ಇಟ್ಟರೆ ಬೂಷ್ಟು ಹಿಡಿಯುತ್ತದೆ.

ಇನ್ನು ತಾಂಬೂಲದ ಜೊತೆ ಬಂದ ಬ್ಲೌಸ್ ಪೀಸ್‌ಗಳು. ಎಲ್ಲರ ಮನೆಯಲ್ಲೂ ಒಂದು ಚೀಲ ಇದೆ, ಅಲ್ವಾ? ಇವು ಯಾರ ಮೈಮೇಲೂ ಏರದೆ ಮನೆಯಿಂದ ಮನೆಗೆ ತಿರುಗುತ್ತಲೇ ಇರುತ್ತವೆ. ಕೊಟ್ಟವರ ಮನೆಗೇ ವಾಪಸ್ ಹೋದ ಉದಾಹರಣೆಗಳೂ ಉಂಟು. ತುಂಬ ತೆಳು ಇರುವುದನ್ನು ಟೈಲರ್‌ಗೆ ಕೊಟ್ಟರೆ ಲೈನಿಂಗ್‌ಗೆ ಬರುತ್ತದೆ. ಗಟ್ಟಿ ಇರುವುದರಲ್ಲಿ ತರಕಾರಿ ಚೀಲ ಹೊಲಿಸಿ, ಮುಂದಿನ ಸಲ ತಾಂಬೂಲಕ್ಕೆ ಆ ಚೀಲವನ್ನೇ ಕೊಡಿ. ಮೆತ್ತಗಾದ ಹತ್ತಿ ಸೀರೆಗಳಿದ್ದರೆ ಕೌದಿ ಹೊಲಿಸಬಹುದು. ಉತ್ತರ ಕರ್ನಾಟಕದ ಕಡೆ ಹೊಲಿಯುವವರು ಇನ್ನೂ ಇದ್ದಾರೆ. ದಾನಕ್ಕೆ ತೆಗೆದಿಟ್ಟ ಬಟ್ಟೆಯನ್ನು ಒಗೆದು, ಗುಂಡಿ ಹಾಕಿಸಿ ಕೊಡಿ. ಹರಿದಿದ್ದು ನೆಲ ಒರೆಸಲು.

ಕಾಗದ, ಮಾತ್ರೆ, ಹಳೇ ಫೋನು

ಮಾರ್ಚ್ 31ಕ್ಕೆ ಹಣಕಾಸಿನ ವರ್ಷವೂ ಮುಗಿಯುತ್ತದೆ, ಹಾಗಾಗಿ ಕಾಗದದ ಕೆಲಸಕ್ಕೂ ಇದೇ ಸರಿಯಾದ ಹೊತ್ತು. ಕ್ರಯಪತ್ರ, ಮೂಲಪತ್ರ, ಖಾತೆ, ಕಂದಾಯದ ರಸೀದಿ, ಅಂಕಪಟ್ಟಿ, ವಿಮೆ ಬಾಂಡು ಇವನ್ನು ಯಾವತ್ತೂ ಎಸೆಯುವಂತಿಲ್ಲ. ಎಲ್ಲ ಒಂದೇ ಫೈಲಿನಲ್ಲಿ ಇರಲಿ, ಎಲ್ಲಿದೆ ಅಂತ ಮನೆಯಲ್ಲಿ ಇಬ್ಬರಿಗಾದರೂ ಗೊತ್ತಿರಲಿ. ಆದಾಯ ತೆರಿಗೆಯ ಕಾಗದಗಳನ್ನು ಏಳೆಂಟು ವರ್ಷ ಇಟ್ಟುಕೊಂಡರೆ ನೆಮ್ಮದಿ. ವಾರಂಟಿ ಇರುವ ಬಿಲ್ಲುಗಳ ಫೋಟೊ ತೆಗೆದಿಡಿ, ನುಣುಪು ಕಾಗದದ ಮೇಲಿನ ಅಕ್ಷರ ಬೇಗ ಅಳಿಸಿಹೋಗುತ್ತದೆ. ಆಧಾರ್, ಪ್ಯಾನ್ ಜೆರಾಕ್ಸ್‌ಗಳನ್ನು ಹಾಗೇ ಹಳೇ ಪೇಪರ್ ಜೊತೆ ಕಟ್ಟಬೇಡಿ. ಚೂರುಚೂರು ಹರಿಯಿರಿ.

ಅವಧಿ ಮುಗಿದ ಮಾತ್ರೆ, ಸಿರಪ್, ಸೂಜಿ, ಟ್ಯೂಬ್‌ಲೈಟ್, ಬ್ಯಾಟರಿ ಇವೆಲ್ಲ ಮನೆಯ ಅಪಾಯಕಾರಿ ಕಸ. 2016ರ ಘನತ್ಯಾಜ್ಯ ನಿಯಮವೇ ಇವನ್ನು ಬೇರೆಯಾಗಿ ಕೊಡಬೇಕು ಅಂದಿತ್ತು. ಬೇರೆ ಕವರಿನಲ್ಲಿ ಕಟ್ಟಿ, ಮೇಲೆ ಬರೆದು, ಕಸದವರ ಕೈಗೆ ಕೊಡುವಾಗ ಬಾಯಲ್ಲೂ ಹೇಳಿ. ಹಳೇ ಮೊಬೈಲ್‌ನಿಂದ ಸಿಮ್, ಮೆಮೊರಿ ಕಾರ್ಡ್ ತೆಗೆದು, ಫೋಟೊ ಉಳಿಸಿಕೊಂಡು, ಒಳಗಿನದನ್ನೆಲ್ಲ ಅಳಿಸಿ ಇ-ತ್ಯಾಜ್ಯ ತಗೊಳ್ಳುವಲ್ಲಿಗೆ ಕೊಡಿ. ಬ್ಯಾಟರಿ ಉಬ್ಬಿದ್ದರೆ ಚುಚ್ಚುವುದು, ಒತ್ತುವುದು ಬೇಡ, ಬೆಂಕಿ ಹತ್ತಿಕೊಳ್ಳುತ್ತದೆ.

ದೇವರ ಪಟ

ಗಾಜು ಒಡೆದ, ಗೆದ್ದಲು ತಿಂದ ದೇವರ ಪಟಗಳನ್ನು ಅರಳಿಕಟ್ಟೆಯ ಮೇಲಿಟ್ಟು ಬರುವುದು ನಮ್ಮಲ್ಲಿ ರೂಢಿ. ದಯವಿಟ್ಟು ಬಿಡಿ. ಮರ ಸುತ್ತುವವರು ಬರಿಗಾಲಲ್ಲಿ ಬರುತ್ತಾರೆ. ಚೌಕಟ್ಟು ಬಿಚ್ಚಿ, ಗಾಜನ್ನು ದಪ್ಪ ಪೇಪರಿನಲ್ಲಿ ಸುತ್ತಿ ಒಣಕಸಕ್ಕೆ ಕೊಡಿ. ಚಿತ್ರದ ಕಾಗದಕ್ಕೆ ನಮಸ್ಕಾರ ಮಾಡಿ ಬಕೆಟ್ ನೀರಿನಲ್ಲಿ ನೆನೆಸಿ ಕರಗಿಸಿದರಾಯಿತು. ಮನೆಯ ಹಿರಿಯರಿಗೆ ಇದು ಒಪ್ಪಿಗೆಯೇ ಅಂತ ಮೊದಲು ಕೇಳಿ.

ಹೊಸ ಡಬ್ಬಿ, ಬುಟ್ಟಿ ಕೊಳ್ಳುವುದಿದ್ದರೆ ಈಗ ಕೊಳ್ಳಿ, ಶುರುವಿನಲ್ಲಲ್ಲ. ಎಷ್ಟು ಸಾಮಾನು ಉಳಿಯಿತು ಅಂತ ಗೊತ್ತಾಗುವುದೇ ಈಗ. ಶೆಲ್ಫಿನ ಎತ್ತರ, ಆಳ ಅಳೆದುಕೊಂಡು ಹೋಗಿ. ಅಟ್ಟಕ್ಕೆ ಏರಿಸುವ ಪ್ರತಿ ಪೆಟ್ಟಿಗೆಯ ಮೇಲೂ ಒಳಗೇನಿದೆ ಅಂತ ಮಾರ್ಕರ್‌ನಲ್ಲಿ ದಪ್ಪಗೆ ಬರೆಯಿರಿ, ಇವತ್ತಿನ ತಾರೀಕನ್ನೂ ಹಾಕಿ. ಬರೆದ ಬದಿ ಕೆಳಗಿನಿಂದ ಕಾಣುವ ಹಾಗೆ ತಿರುಗಿಸಿಡಿ. ಮುಂದಿನ ಯುಗಾದಿಯ ತನಕ ಬಿಚ್ಚದೇ ಇದ್ದ ಪೆಟ್ಟಿಗೆ ಯಾವುದು ಅಂತ ಆಗ ಏಣಿ ಹತ್ತದೇ ಗೊತ್ತಾಗುತ್ತದೆ.